ಸಂಜೆಯ ಸಾಂಬ್ರಾಣಿ

ನಾಗರಬಾವಿಯ ಕ್ಲಿನಿಕ್ಕಿನಲ್ಲಿ ನನ್ನೆದುರಿನ ಬೆಂಚಿನ ಮೇಲೆ ಒಬ್ಬ ಮನೆ ಓನರಮ್ಮ, ಪಕ್ಕದಲ್ಲೇ ಅವರ ಮಹಡಿಯ ಬಾಡಿಗೆದಾರ. ಇಬ್ಬರಿಗೂ ಕೆಮ್ಮು. ಮಾತು ತೆಗೆದದ್ದು ಆಕೆಯೇ.

"ಗಿರಿರಾಜ್, ನಿನ್ನ ರೂಮಲ್ಲಿರೋ ಮೆಷಿನ್ನು ಪ್ಲಾಸ್ಟಿಕ್ ಕರಗಿಸತ್ತಂತಲ್ಲ?"

"ತ್ರೀಡಿ ಪ್ರಿಂಟರ್ ಆಂಟಿ. ಆಟದ ಸಾಮಾನು ಮಾಡ್ತೀನಿ, ಅಷ್ಟೇ."

"ಹೊಗೆ ಎಲ್ಲಿಗೆ ಹೋಗತ್ತೆ?"

"ಪೆಟ್ಟಿಗೆಯೊಳಗೆ ಮುಚ್ಚಿಟ್ಟಿದೀನಿ. ಫ್ಯಾನು, ಇದ್ದಿಲಿನ ಫಿಲ್ಟರು ಎಲ್ಲಾ ಹಾಕಿದೀನಿ. ಚೂರೂ ವಾಸನೆ ಬರಲ್ಲ."

"ಹಂಗಾದ್ರೆ ದಿನಾ ಸಂಜೆ ಸಾಂಬ್ರಾಣಿ ಯಾಕಪ್ಪಾ ಹಾಕ್ತೀಯ?"

"ಅದು ದೇವರಿಗೆ, ಆಂಟಿ."

"ನಲ್ಲಿ ರಿಪೇರಿ ಮಾಡ್ಸೋಕೆ ಬಂದಾಗ ನೋಡ್ದೆ. ನಿನ್ನ ರೂಮಲ್ಲಿ ಒಂದು ದೇವರ ಫೋಟೋನೂ ಇಲ್ಲ."

ಅವನು ಕೆಮ್ಮಿದ. ಅಷ್ಟರಲ್ಲಿ ಒಳಗಿನಿಂದ ಅವನ ಹೆಸರು ಕೂಗಿದರು.

ಆಕೆಯೂ ಸೆರಗು ಸರಿಮಾಡಿಕೊಂಡು ಎದ್ದರು.

"ನಡಿ, ನಾನೂ ಬರ್ತೀನಿ. ಡಾಕ್ಟರ್ ಹತ್ರ ಏನು ಹೇಳ್ತೀಯೋ ಕೇಳ್ಬೇಕು."