ಸವತಿ ತಾಳಿಯ ಮಣಿ

ಮಿಶ್ರಿಕೋಟಿಯಲ್ಲಿ ಬಸ್ಸಿಗೆ ಕಾಯುತ್ತ ಗೌರಕ್ಕ ಪಂಚಾಕ್ಷರಿ ಜಪಿಸುತ್ತಿದ್ದಳು. ಬಾಜು ಕೂತಿದ್ದ ಅಪರಿಚಿತ ಮುದುಕಿಯೊಬ್ಬಳು ಮೊಮ್ಮಗಳ ಅಂಗೈಗೆ ಕರಿಮಣಿ ಸುರಿದಳು.

“ಸಾಸವಿಯಷ್ಟು ಸಣ್ಣವು ಆರಿಸ, ನೀಲಾ. ಸತ್ತ ಅಕ್ಕನ ಗಂಡನ್ನ ಮದವಿ ಆಗಾಕಿ ನೀ. ಆಕಿ ಹೆಸರಿಲೆ ನೀ ಕಟಗೊಳ್ಳೂ ಸವತಿ ತಾಳಿಗೆ ಆಕೀವಂಥಾ ಮಣೀನ ಬೇಕು. ಇಲ್ಲಂದ್ರ ಕಾಡತಾಳ.”

“ಸಾಸವಿ ಅಲ್ಲ ಆಯಿ, ಜ್ವಾಳದಷ್ಟು.”

“ಭಾರಿ ಶಾಣ್ಯಾಕಿ! ಆಕಿ ತಾಳಿ ಅವರ ಮನ್ಯಾಗ ಉಳದೈತಿ. ನಿನಗ್ಹೆಂಗ ಗೊತ್ತು?”

“ಹೆಣಾ ತೊಳದಾಕಿ ನಾನ. ಕುತಗಿ ಸುತ್ತ ಮಣಿ ಅಚ್ಚೊತ್ತಿದ್ವು. ಒಂದೊಂದೂ ಜ್ವಾಳದಷ್ಟು.”

“ಜ್ವರಾ ಬಂದು ಸತ್ಲಂತ ಅಂವ ಹೇಳಿದ್ನಲ್ಲ?”

“ಜ್ವರಾ ಬಂದ್ರ ಮಣಿ ಒತ್ತತಾವೇನ ಬೇ?”

ಮುದುಕಿ ನೀಲಾಳ ಅಂಗೈಯ ಮಣಿಗಳನ್ನೆಲ್ಲ ಚೀಲಕ್ಕೆ ಸುರಿದುಕೊಂಡಳು. ವರನ ಊರು ದೇವಿಕೊಪ್ಪದ ಬಸ್ಸು ಬಂದು ನಿಂತಿತು.

“ಲಗೂನ ಹತ್ರಿ!” ಕಂಡಕ್ಟರ್ ಕೂಗಿದ.

“ನೀ ಹೋಗಪಾ,” ಎಂದಳು ಮುದುಕಿ. “ಏಳ ನೀಲಾ, ನಮ್ಮ ಮನಿಗೆ ಹೋಗೂಣು.”