ಬಿಗಿ ಹಿಡಿ, ಸಡ್ಲ ಬಿಡು

ತೆಲುಗು ಸೀಮೆಯ ಕಾರ್ಖಾನೆಗಳ ಊರಾದ ಪಟಾನ್‌ಚೆರುವಿನ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ಸರದಿಗೆ ಕೂತಿದ್ದೆ. ಎದುರಿನ ತುರ್ತು ಚಿಕಿತ್ಸೆಯ ಕೋಣೆಯೊಳಗೆ ಉಬ್ಬಸ ಹೆಚ್ಚಾಗಿದ್ದ ಸಂಗಣ್ಣ ಎಂಬ ಕಾರ್ಖಾನೆ ಕಾರ್ಮಿಕನನ್ನು ಆಗಷ್ಟೇ ಒಯ್ದಿದ್ದರು. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ರಾಯಚೂರು ಕಡೆಯ ನರ್ಸ್ ಹೊರಬಂದು ಕನ್ನಡದಲ್ಲೇ ಕೇಳಿದರು.

"ಉಬ್ಬಸದ ಪಂಪ್ ಬಾಯಿಗೆ ಎಷ್ಟು ಸಲ ಹೊಡಕೊಂಡಾರ ಅಕ್ಕಾ?"

"ಹತ್ತು ಸಲರೀ ಸಿಸ್ಟರ್. ದಿನಾ ಎರಡಕ್ಕ ಉಸುರು ಹಗುರಾಗತಿತ್ತು. ಇವತ್ತ ಏನೂ ಆಗಲಿಲ್ಲ. ಔಷಧ ಖೊಟ್ಟಿ, ನಕಲಿ ಇತ್ತೇನ್ರಿ?"

"ಖೊಟ್ಟಿ ಅಲ್ಲ. ಉಸುರಿನ ನಳಿಗಿ ಸುತ್ತ ಸಣ್ಣ ಸ್ನಾಯು ಇರತಾವ. ಮೈಯಾಗಿನ ಒಂದು ರಸಾಯನ ಅವಕ್ಕ 'ಬಿಗಿ ಹಿಡಿ' ಅಂತೈತಿ. ಪಂಪಿನ ಔಷಧ 'ಸಡ್ಲ ಬಿಡು' ಅಂತೈತಿ."

"ಮತ್ತ ಯಾಕ ಬಿಡಲಿಲ್ಲ?"

"ಇವತ್ತ 'ಬಿಗಿ ಹಿಡಿ' ಅನ್ನೋ ರಸಾಯನದ ಜೋರು ಭಾಳ ಆಗೇತಿ. ಸ್ನಾಯುವಿನ ಒಳಗ ಪಂಪಿನ ಔಷಧದ ಮಾತು ನಡೀದಂಗ ಮಾಡೇತಿ."

"ಹಂಗಾರ ಅವರು ಉಳಿಯೂದಿಲ್ಲೇನ್ರಿ? ತುಟಿ ನೀಲಿ ಆಗಿದ್ವು..."

"ಎರಡು ಔಷಧ ಕೂಡಿಸಿ ಮಾಸ್ಕಿನಾಗ ಬಿಟ್ಟೀವಿ. ಒಂದು ಬಿಗಿಯೋದನ್ನ ತಡೀತೈತಿ, ಇನ್ನೊಂದು ಸಡ್ಲ ಮಾಡತೈತಿ. ಕೂಡ್ರಿ."

ಅವಳು ಕೂರಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಬಾಗಿಲನ್ನೇ ನೋಡುತ್ತಿದ್ದಳು. ಅರ್ಧ ಗಂಟೆಯ ಮೇಲೆ ನರ್ಸ್ ಮತ್ತೆ ಬಂದರು.

"ಬರ್ರಿ, ಮಾತಾಡಾಕತ್ತಾರ."

"ಏನಂದ್ರು?"

"ನಾಳೆ ಡ್ಯೂಟಿಗೆ ಹೋಗಬೇಕಂತ."

"ಬ್ಯಾಡ್ರಿ! ಅಲ್ಲೇ ಫ್ಯಾಕ್ಟರಿಯಾಗ ಆ್ಯಸಿಡ್ ಹೊಗಿ ಕುಡದು ಹಿಂಗಾಗ್ಯಾರ."

ನರ್ಸ್ ಅವಳತ್ತ ತಿರುಗಿದರು.

"ಇದನ್ನ ಡಾಕ್ಟರ್‌ಗೆ ಹೇಳೀರೇನು?"

"ಇಲ್ರಿ. ನಮ್ಮನಿಯವರು ಹೇಳಬ್ಯಾಡ ಅಂದಿದ್ರು. ಕೆಲಸ ಹೋಗತೈತಿ ಅಂತ."

"ಈಗ ಹೇಳ್ರಿ. ನಾನೂ ಬರತೀನಿ."

ನರ್ಸ್ ಅವಳ ತೋಳು ಹಿಡಿದು ಒಳಗೆ ಕರೆದೊಯ್ದರು.