ಓರೆಯಾಗಿ ನಿಂತ ಮನೆಗಾಡಿ

“ಹಲೋ... ಹಾಂ, ಮನೆಗಾಡಿ ಸಾಮಾನಿನ ಅಂಗಡಿನೇ. ಯಾರು ಮಾತಾಡ್ತಿರೋದು?... ಸ್ವಲ್ಪ ಜೋರಾಗಿ ಹೇಳಿ... ಜೋರಾಗಿ ಹೇಳೋ ಹಾಗಿಲ್ವಾ? ಯಾಕೆ?... ಓ, ಯಜಮಾನ್ರು ಹೊರಗಡೆನೇ ಇದ್ದಾರಾ. ಸರಿ ಸರಿ, ಮೆಲ್ಲಗೇ ಹೇಳಿ.”

ಅಂಗಡಿಯಾಕೆ ಕೈಯಲ್ಲಿದ್ದ ನೀರಿನ ಪೈಪಿನ ಸುರುಳಿಯನ್ನು ಮೊಳೆಗೆ ನೇತುಹಾಕಿ ಫೋನನ್ನು ಕಿವಿಗೊತ್ತಿಕೊಂಡಳು. ಹದಿನೈದು ವರ್ಷದಿಂದ, ಒಳಗೇ ಅಡುಗೆ ಮಾಡಿ ಮಲಗಬಹುದಾದ ಮೋಟರ್‌ಹೋಮ್‌ಗಳ ಬಿಡಿಭಾಗ ಮಾರುತ್ತಿದ್ದವಳಿಗೆ ಪಿಸುಗುಟ್ಟುವ ಗಿರಾಕಿ ಸಿಕ್ಕಿದ್ದು ಇದೇ ಮೊದಲು.

“ರ‍್ಯಾಂಪಾ? ಚಕ್ರದಡಿ ಇಡೋ ಇಳಿಜಾರು ಹಲಗೆನಾ? ಇದೆಯಲ್ಲ ಅಕ್ಕಾ. ಗಾಡಿ ಓರೆಯಾಗಿ ನಿಲ್ಲುತ್ತಾ?... ಎಷ್ಟು ಓರೆ?... ಹಾಂ, ಪಾತ್ರೆ ನೀರೆಲ್ಲ ಒಂದೇ ಕಡೆ... ಮಲಗಿದ್ರೆ ಯಜಮಾನ್ರು ಉರುಳಿ ನಿಮ್ಮ ಮೇಲೇ ಬರ್ತಾರಾ?... ತೊಂಬತ್ತು ಕೆ.ಜಿ.ನಾ?... ಇಲ್ಲ ಇಲ್ಲ, ನಗ್ತಿಲ್ಲ. ಕೆಮ್ಮು ಬಂತು.”

ಆಚೆಯವಳು ದರ್ಜಿ. ಗಂಡ ಮೂವತ್ತೆರಡು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು, ಬಂದ ಹಣದಲ್ಲಿ ಈ ಗಾಡಿ ಕೊಂಡಿದ್ದ. ರ‍್ಯಾಂಪು ಬೇಕೆಂದು ಅವಳು ಕೇಳಿದಾಗಲೆಲ್ಲ, ನೆಲ ಮಟ್ಟವಿದೆಯೋ ಇಲ್ಲವೋ ತನ್ನ ಸೊಂಟಕ್ಕೇ ಗೊತ್ತಾಗುತ್ತದೆ ಎನ್ನುತ್ತಿದ್ದನಂತೆ. ಆ ಸೊಂಟವನ್ನು ನಂಬಿ ಅವಳು ನಾಲ್ಕು ರಾತ್ರಿ ನಿದ್ದೆಗೆಟ್ಟಿದ್ದಳು.

“ಗಾಡಿ ತೂಕ ಎಷ್ಟಿದೆ?... ಮೂರೂವರೆ ಟನ್. ಹಾಗಾದ್ರೆ ಆ ಚಿಕ್ಕದು ಬೇಡ, ನಿಮ್ಮ ಗಾಡಿ ಹತ್ತಿದ್ರೆ ನುಚ್ಚುನೂರಾಗುತ್ತೆ. ಮೂರು ಮೆಟ್ಟಿಲಿಂದು ತಗೊಳ್ಳಿ. ತಗ್ಗಿರೋ ಕಡೆ ಚಕ್ರದ ಮುಂದಿಟ್ಟು ಮೆಲ್ಲಗೆ ಹತ್ತಿಸೋದು, ರಸಮಟ್ಟದ ಗುಳ್ಳೆ ನಡುವೆ ಬಂತೋ, ಬ್ರೇಕ್ ಹಾಕೋದು. ಅಷ್ಟೇ... ಗ್ರಿಪ್ ಮ್ಯಾಟಾ? ಅದು ಬೇರೆ ಅಕ್ಕಾ. ಅದು ಒದ್ದೆ ಹುಲ್ಲು, ಕೆಸರಲ್ಲಿ ಚಕ್ರ ಜಾರದೇ ಇರ್ಲಿ ಅಂತ... ಯಾವಾಗ ಬೇಕಾಗಿತ್ತು?... ಈಗ್ಲೇ ಅಂದ್ರೆ?”

ಅಂದರೆ ಈಗಲೇ. ಬೆಳಿಗ್ಗೆ ಮಳೆ ಬಿದ್ದು ಗಾಡಿ ಬಯಲಿನಲ್ಲಿ ಹೂತುಕೊಂಡಿತ್ತು. ಅವರ ಮಗಳು ಸರಕು ಹಡಗಿನಲ್ಲಿ ಎಂಜಿನಿಯರು. ಹನ್ನೊಂದು ತಿಂಗಳ ಮೇಲೆ ಇವತ್ತು ಹಡಗು ಬಂದರಿಗೆ ಬಂದಿದೆ, ಸಂಜೆ ಆರಕ್ಕೆ ಮತ್ತೆ ಹೊರಡುತ್ತದೆ. ಬಂದರಿಗೆ ಎರಡು ಗಂಟೆಯ ದಾರಿ. ಅಂಗಡಿಯಾಕೆ ಗೋಡೆಯ ಗಡಿಯಾರ ನೋಡಿದಳು: ಎರಡೂವರೆ.

“ಯಜಮಾನ್ರು ಏನ್ ಮಾಡ್ತಿದ್ದಾರೆ ಈಗ?... ಪಾತ್ರೆ ಮುಚ್ಚಳದಲ್ಲಿ ಕೆಸರು ಬಗೀತಿದ್ದಾರಾ?... ಯಾರನ್ನಾದ್ರೂ ಕರೀರಿ ಅಂದ್ರೆ?... ಹಾಂ, ಬಸ್ಸು ಓಡಿಸಿದ ಮನುಷ್ಯ, ಮರ್ಯಾದೆ ಪ್ರಶ್ನೆ. ಗೊತ್ತಾಯ್ತು.”

ಮ್ಯಾಟುಗಳು ಅವಳ ಬೆನ್ನ ಹಿಂದೆಯೇ ನಿಂತಿದ್ದವು. ಗಾಡಿಯಲ್ಲಿ ಹಾಕಿ ಕಳಿಸಿದರೂ ಆ ಬಯಲು ಮುಟ್ಟುವಾಗ ನಾಲ್ಕಾಗುತ್ತದೆ. ಅವಳು ಒಮ್ಮೆ ನಿಟ್ಟುಸಿರಿಟ್ಟಳು.

“ಅಕ್ಕಾ, ನಾನು ಮ್ಯಾಟ್ ಮಾರೋಳು. ಆದ್ರೂ ಹೇಳ್ತೀನಿ, ಇವತ್ತು ಮ್ಯಾಟ್ ತಗೋಬೇಡಿ. ಬಾಗಿಲ ಹತ್ರ ಕಾಲೊರೆಸೋದು ಇದೆಯಾ?... ನಾರಿಂದಾ? ಎರಡು ಇದೆಯಾ? ಭೇಷ್. ಯಾವ ಚಕ್ರ ಸುಮ್ಮನೆ ಸುತ್ತೋದು, ಮುಂದಿಂದಾ ಹಿಂದಿಂದಾ?... ಮುಂದಿಂದು. ಅದರ ಮುಂದೆ ಒಂದೊಂದು, ಟೈರಿನ ಕೆಳಗೆ ಆದಷ್ಟು ಒಳಕ್ಕೆ ತುರುಕಬೇಕು. ಒರಟು ಮುಖ ಮೇಲೆ... ಅದೆಲ್ಲ ಸರಿ, ಓಡಿಸೋದು ಹೇಗೆ ಓಡಿಸ್ತಾರೆ ಅವರು?... ಕಾಲೊತ್ತಿ ಹಿಡಿದ್ರೆ ಬಿಡೋದೇ ಇಲ್ವಾ?”

ಅದೇ ರೋಗ. ಗಂಟೆಗಟ್ಟಲೆ ಎಕ್ಸಲರೇಟರ್ ತುಳಿದು, ಬಸ್ಸು ಓಡಿಸಿ ಪಳಗಿದ ಕಾಲು ಗಾಡಿಯನ್ನು ಇನ್ನಷ್ಟು ಆಳಕ್ಕಿಳಿಸಿತ್ತು.

“ಇದಕ್ಕೆ ಹಗುರ ಕಾಲು ಬೇಕು ಅಕ್ಕಾ. ನಿಮಗೆ ಓಡಿಸೋಕೆ ಬರುತ್ತಾ?... ಲೈಸೆನ್ಸ್ ಇದೆ. ಮತ್ತೆ?... ಇಪ್ಪತ್ತಾರು ವರ್ಷದಿಂದ ಸ್ಟೀರಿಂಗ್ ಮುಟ್ಟಿಲ್ವಾ?... ಗೋಡೆಗೆ ಒಂಚೂರು ತಾಗಿಸಿದ್ದಕ್ಕಾ? ಅಷ್ಟಕ್ಕೇ ಯಜಮಾನ್ರು ನಕ್ಕುಬಿಟ್ರಾ?”

ಆಚೆಯಿಂದ ಮುಚ್ಚಳ ಕಲ್ಲಿಗೆ ತಾಗುವ ಸದ್ದು ಮಾತ್ರ ಕೇಳುತ್ತಿತ್ತು. ಅಂಗಡಿಯಾಕೆ ಸ್ಟೂಲಿನಿಂದ ಎದ್ದು ನಿಂತಳು.

“ಅಕ್ಕಾ... ಇದ್ದೀರಾ?... ಜಾರೋ ರೇಷ್ಮೆ ಬಟ್ಟೆ ಹೊಲಿಯುವಾಗ ಮಿಷನ್ ಹೇಗೆ ತುಳೀತೀರಿ?... ಹಾಂ, ಉಸಿರು ಬಿಟ್ಟ ಹಾಗೆ. ಇದೂ ಹಾಗೇ. ಎರಡನೇ ಗೇರ್, ಕ್ಲಚ್ ನಿಧಾನಕ್ಕೆ. ಗಾಡಿ ಎದ್ದ ಮೇಲೆ ಗಟ್ಟಿ ನೆಲ ಬರೋವರೆಗೂ ನಿಲ್ಲಿಸಬೇಡಿ... ಅವರಿಗಾ? ಅಂಗಡಿಯವರು ಹೇಳಿದ್ರು ಅನ್ನಿ. ಕಾಲೊರೆಸೋದು ಹಾಕಿ ದೂರ, ಪಕ್ಕಕ್ಕೆ ನಿಂತ್ಕೊಳ್ಳಲಿ. ಹಿಂದೆ ಮಾತ್ರ ಬೇಡ.”

ಆಚೆ ಗಾಡಿಯ ಬಾಗಿಲು ತೆರೆದ ಸದ್ದಾಯಿತು. ಮೊದಲ ಬಾರಿ ದರ್ಜಿಯ ದನಿ ಏರಿತು. ಗಂಡಸಿನ ಗೊಣಗಾಟ, ಮತ್ತೆ ಅವಳದೇ ಜೋರು ದನಿ, ಆಮೇಲೆ ಟೈರಿನಡಿಗೆ ನಾರಿನ ಚಾಪೆ ತುರುಕುವ ಗರಗರ. ಫೋನನ್ನು ಸ್ಪೀಕರಿಗೆ ಹಾಕಿ ಎಲ್ಲೋ ಇಟ್ಟ ಸದ್ದು, ಎಂಜಿನ್ ಗುರುಗುಟ್ಟಿದ ಸದ್ದು. ಅಂಗಡಿಯಾಕೆ ಮುಷ್ಟಿ ಬಿಗಿಹಿಡಿದಳು, ತಾನೇ ಸ್ಟೀರಿಂಗ್ ಹಿಡಿದವಳಂತೆ.

“ಮೆಲ್ಲಗೆ... ಮೆಲ್ಲಗೆ ಅಕ್ಕಾ... ಕಾಲು ತೆಗೀಬೇಡಿ, ಹಾಗೇ ಇರ್ಲಿ... ಸುತ್ತುತ್ತಾ?... ಹಿಡೀತಾ?... ಹಿಡೀತು ಅಲ್ವಾ? ನಿಲ್ಲಿಸಬೇಡಿ, ಹೋಗ್ತಾ ಇರಿ, ಹೋಗ್ತಾ ಇರಿ.”

ಪಾತ್ರೆಪಗಡೆ ಗಡಗಡ ಅಲುಗಿ, ಚಕ್ರದಡಿ ಜಲ್ಲಿಯ ಸದ್ದು ಬಂತು. ದರ್ಜಿ ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. ಅಂಗಡಿಯಾಕೆಗೆ ತನ್ನ ಕಣ್ಣೂ ಒದ್ದೆಯಾಗಿದ್ದು ಆಗ ಗೊತ್ತಾಯಿತು.

“ರಸ್ತೆಗೆ ಬಂದ್ರಾ?... ಸಾಕು, ಸಾಕು, ಈಗ ನಿಲ್ಲಿಸಿ. ಯಜಮಾನ್ರೆಲ್ಲಿ?... ಓಡಿ ಬರ್ತಿದ್ದಾರಾ?... ಅಡಿಯಿಂದ ಮುಡಿವರೆಗೂ ಕೆಸರಾ? ಪಕ್ಕಕ್ಕೆ ನಿಂತ್ಕೊಳ್ಳಿ ಅಂದಿದ್ದೆ... ಮಾತು ಎಲ್ಲಿ ಕೇಳ್ತಾರೆ, ಅಲ್ವಾ... ಏನು, ನಿಮ್ಮ ಕಡೆ ಬಾಗಿಲು ತಟ್ತಿದ್ದಾರಾ?... ನೀವು ಇಳೀತೀರಾ?...”

ಗಾಜಿನ ಮೇಲೆ ಬೆರಳು ಬಡಿಯುವುದು ಇಲ್ಲಿಗೂ ಕೇಳಿತು. ಆಮೇಲೆ ನಿಂತಿತು. ಅತ್ತ ಕಡೆಯ ಬಾಗಿಲು ತೆರೆದು ಧಡ್ ಎಂದು ಮುಚ್ಚಿತು.

“ಆ ಕಡೆಯಿಂದ ಹತ್ತಿದ್ರಾ?... ಹೌದಾ?... ಪಕ್ಕದ ಸೀಟಲ್ಲಿ ಕೂತ್ರಾ? ಒಳ್ಳೇದಾಯ್ತು. ಹೊರಡಿ ಅಕ್ಕಾ, ಮಗಳು ಕಾಯ್ತಿರ್ತಾಳೆ. ರ‍್ಯಾಂಪು ವಾಪಸ್ ಬರೋವಾಗ ತಗೊಂಡು ಹೋಗಿ... ಏನು?... ಈಗ ಗೇರ್ ಬದಲಾಯಿಸು ಅಂತಿದ್ದಾರಾ? ಅನ್ಲಿ ಬಿಡಿ, ನೀವು ಮೊದಲು ಅವರಿಗೆ ಸೀಟ್ ಬೆಲ್ಟ್ ಹಾಕ್ಕೊಳ್ಳೋಕೆ ಹೇಳಿ... ಹಲೋ?... ಹಲೋ?... ಹೊರಟೇಬಿಟ್ರು.”